ಬೀಳ್ಕೊಡುಗೆಗೆ ಜಾತ್ರೆಯ ಕಳೆ

ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಒಂಬತ್ತನೇ ತರಗತಿಯವರು ಕೊಡುವ ಬೀಳ್ಕೊಡುಗೆಗೂ ಈಗ ‘ಥೀಮ್’ ಬಂದಿದೆ. ನಗರದ ಕೆಲವು ಶಾಲೆಗಳಲ್ಲಿ ಅದನ್ನೇ ಪ್ರಾಮ್ ನೈಟ್ ಎನ್ನುತ್ತಾರೆ. ಮಕ್ಕಳ ಆಸೆ ಸಹಜವೇ. ಆದರೆ ಚಂದಾ ಕೊಡಲಾಗದ ಮಗು ಅವತ್ತು ಹೊಟ್ಟೆನೋವಿನ ನೆಪ ಹೇಳಿ ಮನೆಯಲ್ಲೇ ಉಳಿಯುವಂತಾಗಬಾರದು. ಹಾಗಾಗಿ ಮೊದಲು ಖರ್ಚಿನ ಮಿತಿ ಹಾಕಿಕೊಳ್ಳಿ, ಥೀಮ್ ಆಮೇಲೆ.

ಮಾರ್ಚ್ ಪರೀಕ್ಷೆಯ ಒತ್ತಡ ಶುರುವಾಗುವ ಮುನ್ನ, ಜನವರಿ ಕೊನೆಗೋ ಫೆಬ್ರುವರಿ ಮೊದಲಿಗೋ ದಿನ ಗೊತ್ತುಮಾಡಿ. ತಯಾರಿಗೆ ಮೂರು ವಾರ ಧಾರಾಳ. 60 ಮಕ್ಕಳಿಂದ ತಲಾ 100 ರೂಪಾಯಿಯಂತೆ 6,000 ರೂಪಾಯಿ ಸೇರಿತು ಎಂದಿಟ್ಟುಕೊಳ್ಳಿ. 3,000 ತಿಂಡಿಗೆ, 1,500 ಮೈಕು ಮತ್ತು ದೀಪಕ್ಕೆ, 1,000 ಅಲಂಕಾರಕ್ಕೆ ಇಡಿ. ಉಳಿದ 500 ಕೊನೆ ಗಳಿಗೆಯ ತಾಪತ್ರಯಗಳಿಗೆ. ತರಗತಿಯಲ್ಲಿ ಹೆಸರು ಕೂಗಿ ವಸೂಲಿ ಮಾಡುವುದು ಬೇಡವೇ ಬೇಡ. ಒಂದು ಮುಚ್ಚಿದ ಡಬ್ಬಿ ಇಟ್ಟು, ಕೈಲಾದಷ್ಟು ಹಾಕಲಿ ಎಂದುಬಿಡಿ. ಕಡಿಮೆ ಬಿದ್ದುದನ್ನು ಹಳೆಯ ವಿದ್ಯಾರ್ಥಿಗಳ ಬಳಿ ಕೇಳಬಹುದು.

ಹೆತ್ತವರ ಜೇಬಿಗೆ ನಿಜವಾಗಿ ಭಾರವಾಗುವುದು ಬಟ್ಟೆ. ‘ಹಾಲಿವುಡ್’ ಎಂದರೆ ಕೋಟು, ಗೌನುಗಳ ಬಾಡಿಗೆ ಬೀಳುತ್ತದೆ. ‘ನಮ್ಮೂರ ಜಾತ್ರೆ’ ಎಂದರೆ ಅಮ್ಮನ ಸೀರೆ, ಅಜ್ಜನ ಪಂಚೆ ಸಾಕು. ಅಲಂಕಾರದ ಸಾಮಾನೂ ಮನೆ, ಹಿತ್ತಿಲಲ್ಲೇ ಸಿಗುತ್ತದೆ.

ವೇದಿಕೆಯ ಹಿನ್ನೆಲೆಗೆ ಹಳೆಯ ಸೀರೆಗಳೇ ಚೆಂದ. ಸೀರೆ ಸುಮಾರು ಐದೂವರೆ ಮೀಟರ್ ಉದ್ದ ಇರುವುದರಿಂದ, ಒಂಬತ್ತು ಅಡಿ ಎತ್ತರಕ್ಕೆ ಬಿಗಿದ ಹಗ್ಗದ ಮೇಲೆ ಮಧ್ಯಕ್ಕೆ ಮಡಚಿ ಇಳಿಬಿಟ್ಟರೆ ಎರಡು ಪದರವಾಗಿ ನೆಲ ಮುಟ್ಟುತ್ತದೆ. ನೆರಿಗೆ ಹಿಡಿದಾಗ ಒಂದೊಂದು ಸೀರೆ ಎರಡೂವರೆ ಅಡಿ ಅಗಲ ತುಂಬುತ್ತದೆ. ಇಪ್ಪತ್ತಡಿ ವೇದಿಕೆಗೆ ಎಂಟು ಬೇಕು. ಕೆಂಪು, ಹಳದಿ, ಹಸಿರು ಮೂರೇ ಬಣ್ಣ ಆರಿಸಿದರೆ ಜಾತ್ರೆಯ ಕಳೆ ತಾನೇ ಬರುತ್ತದೆ. ಸೀರೆ ಕೊಟ್ಟವರ ಹೆಸರಿನ ಚೀಟಿಯನ್ನು ಅಂಚಿಗೆ ದಾರದಲ್ಲಿ ಕಟ್ಟಿ. ಪಿನ್ನು ಚುಚ್ಚಬೇಡಿ.

ಫ್ಲೆಕ್ಸ್ ಬದಲು ಕರಿಹಲಗೆ ಇರಲಿ. ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸಿ, ಸಕ್ಕರೆ ನೀರಿನಲ್ಲಿ ಅದ್ದಿದ ಬಣ್ಣದ ಸೀಮೆಸುಣ್ಣದಿಂದ ಬರೆಯಿರಿ. ಬಣ್ಣ ಗಾಢವಾಗಿ ನಿಲ್ಲುತ್ತದೆ, ಕೈ ತಾಗಿದರೆ ಬೇಗ ಅಳಿಸುವುದಿಲ್ಲ. ಅಲಂಕಾರದ ಥರ್ಮಾಕೋಲ್, ಬಲೂನಿನ ಪ್ಲಾಸ್ಟಿಕ್ ಕಡ್ಡಿಗಳಿಗೆ ದೇಶದಾದ್ಯಂತ 2022ರ ಜುಲೈ 1ರಿಂದ ನಿಷೇಧವಿದೆ. ಅವುಗಳ ಜಾಗಕ್ಕೆ ಕಾಗದದ ಗಿರಗಿಟ್ಲೆ, ಬಣ್ಣದ ಪರಪರಿ ಬರಲಿ. ಇವನ್ನು ಎರಡನೇ ವಾರವೇ ಮಾಡಿಟ್ಟುಕೊಳ್ಳಬಹುದು. ಅಂಟಿಗೆ ಮೈದಾ ಕುದಿಸಿದರಾಯಿತು.

ಮಾವಿನ ತೋರಣ, ಚೆಂಡು ಹೂವಿನ ಸರ ಮಾತ್ರ ಅವತ್ತಿನ ಬೆಳಗಿನ ಕೆಲಸ. ಎಲೆಯ ತೊಟ್ಟಿನ ಭಾಗವನ್ನು ದಾರದ ಮೇಲೆ ಮಡಚಿ ತೆಂಗಿನ ಕಡ್ಡಿಯ ಚೂರು ಚುಚ್ಚಿದರೆ ಸಂಜೆಯವರೆಗೂ ಅಲುಗದು. ತರಗತಿಯ ಡೆಸ್ಕುಗಳನ್ನು ಸಾಲಾಗಿಟ್ಟು, ಮೇಲೆ ತೆಂಗಿನ ಸೋಗೆ ಹೊದಿಸಿದರೆ ಚುರುಮುರಿ, ಬೆಂಡು-ಬತ್ತಾಸು, ಪಾನಕದ ಅಂಗಡಿಗಳು ಸಿದ್ಧ. ತಿಂಡಿಯ ದುಡ್ಡಿನಲ್ಲೇ ಅರ್ಧ ಅಲಂಕಾರ ಮುಗಿಯಿತು! ಬಡಿಸಲು ಮುತ್ತುಗದ ದೊನ್ನೆ ತನ್ನಿ.

ಸೀರಿಯಲ್ ಲೈಟುಗಳನ್ನು ಸೀರೆ, ಕಾಗದ, ಸೋಗೆಗಳಿಗೆ ತಾಗದಂತೆ ದೂರದ ಕಂಬಗಳಿಗೆ ಕಟ್ಟಬೇಕು. ಸಂಪರ್ಕ ಕೊಡುವ ಕೆಲಸ ಎಲೆಕ್ಟ್ರಿಷಿಯನ್ನರದು, ಮಕ್ಕಳದಲ್ಲ. ಪಕ್ಕದಲ್ಲಿ ಎರಡು ಬಕೆಟ್ ಮರಳು ಇರಲಿ. ಕಾರ್ಯಕ್ರಮ ಮುಗಿದ ಕೂಡಲೇ ಹೂವು, ಎಲೆ, ದೊನ್ನೆಗಳನ್ನು ಶಾಲೆಯ ಗೊಬ್ಬರದ ಗುಂಡಿಗೆ ಹಾಕಿಸಿ, ಸೀರೆಗಳನ್ನು ಚೀಟಿ ನೋಡಿ ಅವತ್ತೇ ಅವರವರ ಮನೆಗೆ ಮುಟ್ಟಿಸಿ.