ಸಾಂಕ್ರಾಮಿಕದ ಕಾಲದಲ್ಲಿ ಮನೆಯ ಆರೈಕೆ

ಕೋವಿಡ್-19 ಅನ್ನು ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಚ್ 11ರಂದು ಜಾಗತಿಕ ಸಾಂಕ್ರಾಮಿಕವೆಂದು ಕರೆಯಿತು. ಅದರ ಜಾಗತಿಕ ತುರ್ತುಸ್ಥಿತಿ ಮುಗಿದದ್ದು 2023ರ ಮೇ 5ರಂದು. ಅಷ್ಟು ಕಾಲವೂ ಸೋಂಕಿತರಲ್ಲಿ ಬಹುಪಾಲು ಜನ ಚೇತರಿಸಿಕೊಂಡದ್ದು ಮನೆಯಲ್ಲೇ. ಆದ್ದರಿಂದ ಇಂಥ ಕಾಲದಲ್ಲಿ ಮನೆಯವರಿಗೆ ಎರಡು ವಿಷಯ ಚೆನ್ನಾಗಿ ತಿಳಿದಿರಬೇಕು: ಮನೆಯಲ್ಲಿ ಏನು ಮಾಡಬಹುದು, ಯಾವಾಗ ಆಸ್ಪತ್ರೆಗೆ ಹೊರಡಬೇಕು.

ಪ್ರಶ್ನೆ: ಮನೆಯಲ್ಲಿರುವುದು ಒಂದೋ ಎರಡೋ ಕೋಣೆ, ಒಂದೇ ಬಚ್ಚಲು. ಸೋಂಕಿತರನ್ನು ಬೇರೆ ಇರಿಸುವುದು ಹೇಗೆ?

ಉತ್ತರ: ಕೋವಿಡ್ ವೈರಾಣು ಮುಖ್ಯವಾಗಿ ಹರಡುವುದು ಉಸಿರಿನ ಮೂಲಕ. ಮಾತನಾಡಿದಾಗ, ಕೆಮ್ಮಿದಾಗ ಹೊರಬೀಳುವ ಸೂಕ್ಷ್ಮ ಕಣಗಳು ಗಾಳಿಯಾಡದ ಕೋಣೆಯಲ್ಲಿ ಬಹಳ ಹೊತ್ತು ತೇಲುತ್ತಿರುತ್ತವೆ. ಹೀಗಾಗಿ ಚಿಕ್ಕ ಮನೆಯಲ್ಲಿ ಮೊದಲು ಗಮನಿಸಬೇಕಾದದ್ದು ಕಿಟಕಿಗಳನ್ನು. ಎದುರುಬದುರಿನ ಕಿಟಕಿ, ಬಾಗಿಲು ತೆರೆದಿಟ್ಟರೆ ಗಾಳಿ ಹಾದುಹೋಗುತ್ತದೆ. ಒಂದೇ ಕಿಟಕಿ ಇದ್ದರೆ ಟೇಬಲ್ ಫ್ಯಾನನ್ನು ಹೊರಮುಖವಾಗಿಟ್ಟು ಒಳಗಿನ ಗಾಳಿಯನ್ನು ಆಚೆಗೆ ತಳ್ಳಬಹುದು.

ಆರೈಕೆ ಒಬ್ಬರೇ ಮಾಡುವುದು ಒಳ್ಳೆಯದು. ವಯಸ್ಸಾದವರಿಗೆ, ಗರ್ಭಿಣಿಯರಿಗೆ, ಮಧುಮೇಹ ಇರುವವರಿಗೆ ಆ ಕೆಲಸ ಬೇಡ. ಒಂದೇ ಕಡೆ ಇರುವಾಗ ಸೋಂಕಿತರೂ ಆರೈಕೆ ಮಾಡುವವರೂ ಮುಖಕ್ಕೆ ಸರಿಯಾಗಿ ಕೂರುವ ಎನ್-95 ಮಾಸ್ಕ್ ಹಾಕಿಕೊಳ್ಳಬೇಕು. ಕವಾಟವಿರುವ ಮಾಸ್ಕ್ ಸೋಂಕಿತರಿಗೆ ಸಲ್ಲದು. ಅವರ ಉಸಿರು ಶೋಧನೆಯಾಗದೆ ಹೊರಬರುತ್ತದೆ. ಬಚ್ಚಲನ್ನು ಸೋಂಕಿತರು ಎಲ್ಲರ ನಂತರ ಬಳಸಿ, ಅದರ ಕಿಟಕಿ ತೆರೆದಿಡಬೇಕು. ತಟ್ಟೆ, ಲೋಟ, ಬಟ್ಟೆ ತೊಳೆಯಲು ಸೋಪು, ನೀರು ಸಾಕು. ಕೈಯನ್ನು ಕನಿಷ್ಠ 20 ಸೆಕೆಂಡು ಉಜ್ಜಿ ತೊಳೆಯಬೇಕು. ತರಕಾರಿಗೆ ಸೋಪು ಹಚ್ಚಬಾರದು. ಹರಿಯುವ ನೀರಿನಲ್ಲಿ ತೊಳೆದರೆ ಸಾಕು.

ಪ್ರಶ್ನೆ: ಪಲ್ಸ್ ಆಕ್ಸಿಮೀಟರ್ ನೋಡುವುದು ಹೇಗೆ? ಆಸ್ಪತ್ರೆಗೆ ಹೊರಡುವುದು ಯಾವಾಗ?

ಉತ್ತರ: ಕೋವಿಡ್‌ನಲ್ಲಿ ಕೆಲವರಿಗೆ ಏದುಸಿರು ಕಾಣಿಸಿಕೊಳ್ಳುವ ಮೊದಲೇ ರಕ್ತದಲ್ಲಿ ಆಮ್ಲಜನಕ ಇಳಿದಿರುತ್ತದೆ. ಈ ಚಿಕ್ಕ ಸಾಧನದ ಮಹತ್ವ ಇರುವುದು ಇಲ್ಲೇ. ನೋಡುವ ಮೊದಲು ಐದು ನಿಮಿಷ ಸುಮ್ಮನೆ ಕೂರಬೇಕು. ಉಗುರಿನ ಬಣ್ಣ ತೆಗೆದು, ತಣ್ಣಗಿರುವ ಕೈಯನ್ನು ಉಜ್ಜಿ ಬೆಚ್ಚಗೆ ಮಾಡಿ, ತೋರುಬೆರಳಿಗೋ ನಡುಬೆರಳಿಗೋ ಸಿಕ್ಕಿಸಿ, ಅಂಕಿ ನಿಲ್ಲುವವರೆಗೆ ಕಾಯಬೇಕು. ದಿನಕ್ಕೆ ಮೂರು ನಾಲ್ಕು ಬಾರಿ ನೋಡಿ, ಜ್ವರದ ಜೊತೆ ಬರೆದಿಡಬೇಕು. ಗಂಟೆಯೊಳಗೆ ಮೂರು ಬಾರಿ ನೋಡಿದಾಗಲೂ ಅಂಕಿ 93 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಆಸ್ಪತ್ರೆಗೆ ಹೊರಡಬೇಕು. ಶ್ವಾಸಕೋಶದ ಹಳೆಯ ಕಾಯಿಲೆ ಇದ್ದವರಲ್ಲಿ ಈ ಅಂಕಿ ಮೊದಲಿನಿಂದಲೂ ಕಡಿಮೆ ಇರಬಹುದು. ಅವರ ಮಿತಿಯನ್ನು ವೈದ್ಯರಿಂದಲೇ ಕೇಳಿ ತಿಳಿಯಬೇಕು.

ಅಂಕಿ ಸರಿಯಾಗಿದ್ದರೂ ಕಡೆಗಣಿಸಬಾರದ ಲಕ್ಷಣಗಳಿವೆ: ಉಸಿರಾಟದ ಕಷ್ಟ, ಎದೆಯಲ್ಲಿ ಬಿಡದ ನೋವು ಅಥವಾ ಒತ್ತಡ, ಗೊಂದಲದ ಮಾತು, ಎಬ್ಬಿಸಿದರೂ ಎಚ್ಚರವಾಗದ ಮಂಪರು, ನೀಲಿಗಟ್ಟಿದ ತುಟಿ. ಇವುಗಳಲ್ಲಿ ಒಂದು ಕಂಡರೂ 108 ಆಂಬುಲೆನ್ಸ್‌ಗೆ ಕರೆ ಮಾಡಬೇಕು. ಮೂರು ದಿನ ಕಳೆದರೂ 100 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಹೆಚ್ಚಿನ ಜ್ವರ ಬಿಡದಿದ್ದರೂ ವೈದ್ಯರನ್ನು ಕಾಣಬೇಕು. ಆಂಬುಲೆನ್ಸ್ ಬರುವವರೆಗೆ ಎಚ್ಚರವಿರುವ ರೋಗಿಯನ್ನು ಬೋರಲು ಮಲಗಿಸಿದರೆ ಆಮ್ಲಜನಕದ ಮಟ್ಟ ಸುಧಾರಿಸಬಹುದು. ಊಟವಾದ ಒಂದು ಗಂಟೆಯೊಳಗೆ ಹಾಗೂ ಗರ್ಭಿಣಿಯರಿಗೆ ಇದು ಬೇಡ.

ಪ್ರಶ್ನೆ: ಕಷಾಯ, ಹಬೆ, ಆಂಟಿಬಯೋಟಿಕ್ ಇವುಗಳಿಂದ ಪ್ರಯೋಜನವಿದೆಯೇ?

ಉತ್ತರ: ಜ್ವರ, ಮೈಕೈ ನೋವಿಗೆ ಪ್ಯಾರಾಸಿಟಮಾಲ್, ಜೊತೆಗೆ ಗಂಜಿ, ಸಾರು, ಮಜ್ಜಿಗೆಯಂಥ ದ್ರವಾಹಾರ, ಸಾಕಷ್ಟು ವಿಶ್ರಾಂತಿ ಇದ್ದರೆ ಸೌಮ್ಯ ಸೋಂಕು ಸಾಮಾನ್ಯವಾಗಿ ವಾಸಿಯಾಗುತ್ತದೆ. ಮಿತವಾದ ಕಷಾಯ ಗಂಟಲಿಗೆ ಹಿತ. ಅತಿಯಾದರೆ ಹೊಟ್ಟೆ ಉರಿ. ಹಬೆ ಮೂಗು ಬಿಡಿಸಬಹುದೇ ಹೊರತು ವೈರಾಣುವನ್ನು ಕೊಲ್ಲದು. ಕುದಿನೀರು ಮೈಮೇಲೆ ಚೆಲ್ಲುವ ಅಪಾಯ ಇರುವುದರಿಂದ ಮಕ್ಕಳಿಗೆ ಹಬೆ ಹಿಡಿಸಬಾರದು. ಆಂಟಿಬಯೋಟಿಕ್ ಕೆಲಸ ಮಾಡುವುದು ಬ್ಯಾಕ್ಟೀರಿಯಾದ ಮೇಲೆ, ವೈರಾಣುವಿನ ಮೇಲಲ್ಲ.

ಸ್ಟಿರಾಯ್ಡ್ ಮಾತ್ರೆಯನ್ನು ವೈದ್ಯರು ಹೇಳದೆ ಮುಟ್ಟಲೇಬಾರದು. ಆಮ್ಲಜನಕ ಇಳಿದ ರೋಗಿಯ ಜೀವ ಉಳಿಸುವ ಈ ಔಷಧ ಸೌಮ್ಯ ಸೋಂಕಿನಲ್ಲಿ ಹಾನಿ ಮಾಡಬಹುದು. ಸಕ್ಕರೆ ಅಂಶವನ್ನೂ ಏರಿಸುತ್ತದೆ. 2021ರ ಎರಡನೇ ಅಲೆಯಲ್ಲಿ ಕರ್ನಾಟಕವೂ ಸೇರಿ ದೇಶದೆಲ್ಲೆಡೆ ಕಾಣಿಸಿಕೊಂಡ ಕಪ್ಪು ಶಿಲೀಂಧ್ರಕ್ಕೆ ಹತೋಟಿ ತಪ್ಪಿದ ಮಧುಮೇಹ ಮತ್ತು ಸ್ಟಿರಾಯ್ಡ್‌ನ ಅತಿಬಳಕೆ ಮುಖ್ಯ ಕಾರಣಗಳಾಗಿದ್ದವು.

ಪ್ರಶ್ನೆ: ಸಕ್ಕರೆ ಕಾಯಿಲೆ, ಬಿಪಿ ಇರುವವರು, ಗರ್ಭಿಣಿಯರು, ಮಕ್ಕಳು ಆಸ್ಪತ್ರೆಗೆ ಹೋಗುವುದನ್ನು ಮುಂದೂಡಬಹುದೇ?

ಉತ್ತರ: ನಿತ್ಯದ ಔಷಧ ನಿಲ್ಲಿಸುವುದು ಅಪಾಯಕಾರಿ. ಒಂದು ತಿಂಗಳಿಗಾಗುವಷ್ಟು ಮಾತ್ರೆ ಮನೆಯಲ್ಲಿರಲಿ. ಮಾಮೂಲಿ ತಪಾಸಣೆಗೆ ಸರ್ಕಾರದ ಇ-ಸಂಜೀವಿನಿಯಂಥ ದೂರಸಮಾಲೋಚನೆ ಬಳಸಬಹುದು. ಡಯಾಲಿಸಿಸ್, ಕ್ಯಾನ್ಸರ್ ಚಿಕಿತ್ಸೆ, ಗರ್ಭಿಣಿಯರ ತಪಾಸಣೆ ತಪ್ಪಬಾರದು. ಮಗುವಿಗೆ ಒಂಬತ್ತು ತಿಂಗಳು ತುಂಬಿದಾಗ ಹಾಕಿಸುವ ದಡಾರ-ರುಬೆಲ್ಲಾ ಲಸಿಕೆಯೂ ಹಾಗೆಯೇ. ದಡಾರ ಕೋವಿಡ್‌ಗಿಂತ ವೇಗವಾಗಿ ಹರಡುತ್ತದೆ. ತಪ್ಪಿಹೋದ ಲಸಿಕೆಗಳ ಬಗ್ಗೆ ಆಶಾ ಕಾರ್ಯಕರ್ತೆಯನ್ನು ವಿಚಾರಿಸಬೇಕು.

ಪ್ರಶ್ನೆ: ಭಯ, ನಿದ್ದೆಗೇಡು, ಒಂಟಿತನ ಕಾಡುತ್ತಿದ್ದರೆ?

ಉತ್ತರ: ಇಂಥ ಹೊತ್ತಿನಲ್ಲಿ ಭಯವಾಗುವುದು ಸಹಜ, ಅದನ್ನು ದೌರ್ಬಲ್ಯವೆಂದು ತಿಳಿಯಬಾರದು. ಏಳುವ, ಉಣ್ಣುವ, ಮಲಗುವ ಹೊತ್ತು ನಿಗದಿಯಾಗಿದ್ದರೆ ಮನಸ್ಸಿಗೆ ಆಸರೆ ಸಿಗುತ್ತದೆ. ಸುದ್ದಿಯನ್ನು ದಿನಕ್ಕೆ ಒಂದೆರಡು ಬಾರಿ, ನಂಬಬಹುದಾದ ಮೂಲದಿಂದ ಮಾತ್ರ ನೋಡಿದರೆ ಸಾಕು. ಬೇರೆ ಇರುವ ಸೋಂಕಿತರ ಜೊತೆ, ಒಂಟಿಯಾಗಿರುವ ಹಿರಿಯರ ಜೊತೆ ದಿನವೂ ಫೋನಿನಲ್ಲಿ ಮಾತನಾಡುವುದೂ ಆರೈಕೆಯ ಭಾಗ. ಎರಡು ವಾರ ಕಳೆದರೂ ನಿದ್ದೆ, ಊಟ, ಕೆಲಸದಲ್ಲಿ ಆಸಕ್ತಿ ಮರಳದಿದ್ದರೆ ವೈದ್ಯರ ನೆರವು ಬೇಕು. ಟೆಲಿ-ಮಾನಸ್ ಸಹಾಯವಾಣಿ 14416ರಲ್ಲಿ ಹಗಲು ರಾತ್ರಿ ಉಚಿತವಾಗಿ, ಕನ್ನಡದಲ್ಲೂ ಮಾತನಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಇದರ ಮೇಲುಸ್ತುವಾರಿ ಕೇಂದ್ರ. ಸಾಯುವ ಯೋಚನೆ ಬಂದರೆ ಒಂದು ದಿನವೂ ಕಾಯದೆ ಕರೆ ಮಾಡಬೇಕು. ಅಂಥವರನ್ನು ಮನೆಯವರು ಒಂಟಿಯಾಗಿ ಬಿಡಬಾರದು.