ಪಂಪ್‌ಸೆಟ್ಟಿನ ಮೋಟಾರು ಅತಿಯಾಗಿ ಬಿಸಿಯಾಗುತ್ತಿದೆಯೆ?

ಮುಸುಕಿನ ಜೋಳ ಸೂಲಂಗಿ ಬಿಟ್ಟು ತೆನೆಯಲ್ಲಿ ರೇಷ್ಮೆಯಂಥ ಕೂದಲು ಹೊರಡುವಾಗ, ನೆಲಗಡಲೆ ಹೂವು ಬಿಟ್ಟು ಕಾಯಿ ಕಟ್ಟುವಾಗ ಪೈರಿಗೆ ನೀರು ತಪ್ಪಬಾರದು. ಈ ಹಂತದಲ್ಲಿ ಬಿದ್ದ ಪೆಟ್ಟನ್ನು ಮುಂದೆ ಎಷ್ಟು ನೀರು ಕೊಟ್ಟರೂ ತುಂಬಿಸಲಾಗದು. ಮೋಟಾರಿಗೆ ಕಷ್ಟ ಬರುವುದೂ ಇಂಥ ದಿನಗಳಲ್ಲಿಯೇ. ಎಲ್ಲರ ಪಂಪುಗಳೂ ಒಟ್ಟಿಗೆ ಓಡುವುದರಿಂದ ವೋಲ್ಟೇಜು ಇಳಿಯುತ್ತದೆ; ಬಾವಿಯ ನೀರೂ ತಗ್ಗಿರುತ್ತದೆ. ವೈಂಡಿಂಗ್ ಸುಟ್ಟರೆ ಅದನ್ನು ಕಟ್ಟಿಸುವ ಖರ್ಚಿಗಿಂತ, ಮೋಟಾರು ರಿಪೇರಿಯಾಗಿ ಬರುವವರೆಗೆ ಪೈರಿಗಾಗುವ ನಷ್ಟವೇ ದೊಡ್ಡದು. ಆದುದರಿಂದ ಬಿಸಿಯಾಗುವುದಕ್ಕೆ ಕಾರಣವನ್ನು ಮೊದಲೇ ಕಂಡುಹಿಡಿಯುವುದು ಅವಶ್ಯ.

ಕೈಯಲ್ಲಿ ಮುಟ್ಟಿ ನಿರ್ಧರಿಸಬೇಡಿ

ಪೂರ್ಣ ಹೊರೆಯಲ್ಲಿ ಕೆಲವು ಗಂಟೆ ಓಡಿದ ಒಳ್ಳೆಯ ಮೋಟಾರಿನ ಮೈ ಕೂಡ ಅಂಗೈ ಇಡಲಾಗದಷ್ಟು ಕಾಯಬಹುದು. ಅದೊಂದೇ ದೋಷದ ಗುರುತಲ್ಲ. ಮುಖ್ಯವಾದುದು ಒಳಗಿನ ವೈಂಡಿಂಗಿನ ಶಾಖ. ಬಿ ವರ್ಗದ ನಿರೋಧಕ ಹೊದಿಕೆ 130 ಡಿಗ್ರಿ ಸೆಲ್ಸಿಯಸ್‌ವರೆಗೆ, ಎಫ್ ವರ್ಗದ್ದು 155 ಡಿಗ್ರಿಯವರೆಗೆ ತಾಳುತ್ತದೆ. ಮಿತಿ ಮೀರಿ ಶಾಖವು ಸುಮಾರು 10 ಡಿಗ್ರಿ ಏರಿದಂತೆಲ್ಲ ಹೊದಿಕೆಯ ಆಯುಷ್ಯ ಅರ್ಧಕ್ಕೆ ಇಳಿಯುತ್ತದೆ. ಕೊಳವೆ ಬಾವಿಯ ಸಬ್‌ಮರ್ಸಿಬಲ್ ಮೋಟಾರನ್ನಂತೂ ಮುಟ್ಟಿ ನೋಡುವ ಹಾಗೆಯೇ ಇಲ್ಲ. ನಂಬಬೇಕಾದುದು ಕರೆಂಟಿನ ಅಳತೆಯನ್ನು.

ಮೂರು ತಂತಿಗಳಲ್ಲೂ ಕರೆಂಟು ಅಳೆಯಿಸಿ

ಮೋಟಾರು ಓಡುತ್ತಿರುವಾಗ ತಿಳಿದ ಎಲೆಕ್ಟ್ರಿಷಿಯನ್‌ನಿಂದ ಟಾಂಗ್ ಟೆಸ್ಟರ್ ಹಾಕಿಸಿ ಮೂರು ಫೇಸಿನ ಕರೆಂಟನ್ನೂ ವೋಲ್ಟೇಜನ್ನೂ ಬರೆದುಕೊಳ್ಳಿ. ಮೋಟಾರಿನ ನಾಮಫಲಕದಲ್ಲಿರುವ ಆಂಪಿಯರ್ ಅಂಕಿಯೊಡನೆ ಹೋಲಿಸಿ. 415 ವೋಲ್ಟಿನಲ್ಲಿ 5 ಅಶ್ವಶಕ್ತಿಯ ಸಾಮಾನ್ಯ ಮೋಟಾರು ಸುಮಾರು 7.5 ಆಂಪಿಯರ್ ಎಳೆಯುತ್ತದೆ. ಸಬ್‌ಮರ್ಸಿಬಲ್ ಇದಕ್ಕಿಂತ ಹೆಚ್ಚು ಎಳೆಯಬಹುದು. ಕರೆಂಟು ಶೇಕಡ 20ರಷ್ಟು ಹೆಚ್ಚಿದರೆ ವೈಂಡಿಂಗಿನಲ್ಲಿ ಹುಟ್ಟುವ ಶಾಖ ಶೇಕಡ 44ರಷ್ಟು ಹೆಚ್ಚುತ್ತದೆ. ಈ ಮೂರು ಅಂಕಿಗಳೇ ರೋಗ ಯಾವುದೆಂದು ಹೇಳುತ್ತವೆ.

1. ಒಂದು ತಂತಿಯಲ್ಲಿ ಕರೆಂಟೇ ಇಲ್ಲ, ಉಳಿದೆರಡರಲ್ಲಿ ಬಹಳ ಹೆಚ್ಚು: ಒಂದು ಫೇಸ್ ಹೋಗಿದೆ ಎಂದರ್ಥ. ಓಡುತ್ತಿದ್ದ ಮೋಟಾರು ನಿಲ್ಲದೆ ಓಡುತ್ತಲೇ ಇರುತ್ತದೆ. ಉಳಿದ ತಂತಿಗಳ ಕರೆಂಟು ಸುಮಾರು 1.7 ಪಟ್ಟಿಗೆ ಏರುತ್ತದೆ. ನಿಂತ ಮೋಟಾರಾದರೆ ಗುಂಯ್‌ಗುಡುತ್ತದೆಯೇ ಹೊರತು ತಿರುಗುವುದಿಲ್ಲ. ಕೂಡಲೇ ನಿಲ್ಲಿಸಿ ಫ್ಯೂಸು, ಸಡಿಲ ಜೋಡಣೆ, ಸ್ಟಾರ್ಟರಿನ ಸವೆದ ಕಾಂಟ್ಯಾಕ್ಟುಗಳನ್ನು ಪರೀಕ್ಷಿಸಿ. ಸಿಂಗಲ್ ಫೇಸಿಂಗ್ ಪ್ರಿವೆಂಟರ್ ಹಾಕಿಸುವುದು ಉತ್ತಮ.

2. ಮೂರರಲ್ಲೂ ಸಮನಾಗಿ ಹೆಚ್ಚು, ವೋಲ್ಟೇಜು ಕಡಿಮೆ: ವೋಲ್ಟೇಜು ಶೇಕಡ 80ಕ್ಕೆ ಇಳಿದರೆ ಮೋಟಾರಿನ ತಿರುಗುಬಲ ಶೇಕಡ 64ಕ್ಕೆ ಇಳಿಯುತ್ತದೆ. ಅದೇ ಕೆಲಸಕ್ಕೆ ಅದು ಹೆಚ್ಚು ಕರೆಂಟು ಎಳೆಯುತ್ತದೆ. 350 ವೋಲ್ಟಿಗಿಂತ ಕೆಳಗೆ ಇಳಿದರೆ ಪಂಪನ್ನು ನಿಲ್ಲಿಸುವುದೇ ಲೇಸು. ಒಂದೇ ಟ್ರಾನ್ಸ್‌ಫಾರ್ಮರಿನ ರೈತರು ಸರದಿಯಂತೆ ಓಡಿಸಿದರೆ ಎಲ್ಲರಿಗೂ ಒಳಿತು. 5 ಅಶ್ವಶಕ್ತಿಗೆ 2 ಕೆವಿಎಆರ್ ಕೆಪಾಸಿಟರ್ ಹಾಕಿಸಿದರೆ ಲೈನಿನ ಹೊರೆಯೂ ತಗ್ಗುತ್ತದೆ.

3. ಮೂರರಲ್ಲೂ ಸಮನಾಗಿ ಹೆಚ್ಚು, ವೋಲ್ಟೇಜು ಸರಿ: ದೋಷ ಪಂಪಿನ ಕಡೆಗಿದೆ. ಬೇರಿಂಗ್ ಸವೆತ, ಮೋಟಾರು ಮತ್ತು ಪಂಪು ನೇರಕ್ಕಿಲ್ಲದಿರುವುದು, ಗ್ಲ್ಯಾಂಡನ್ನು ಅತಿಯಾಗಿ ಬಿಗಿದಿರುವುದು ಇವನ್ನು ನೋಡಿ. ಗ್ಲ್ಯಾಂಡಿನಿಂದ ನೀರು ಹನಿಹನಿಯಾಗಿ ತೊಟ್ಟಿಕ್ಕುತ್ತಿರಬೇಕು. ಇನ್ನೊಂದು ಮಾತು ಅನೇಕರಿಗೆ ತಿಳಿದಿಲ್ಲ. ಹೆಚ್ಚು ಎತ್ತರಕ್ಕೆಂದು ಕೊಂಡ ಸೆಂಟ್ರಿಫ್ಯೂಗಲ್ ಪಂಪನ್ನು ಕಡಿಮೆ ಎತ್ತರಕ್ಕೆ ಓಡಿಸಿದರೆ ಅದು ಹೆಚ್ಚು ನೀರು ಹೊರಹಾಕಿ ಮೋಟಾರಿನ ಹೊರೆಯನ್ನು ಏರಿಸುತ್ತದೆ. ಮಳೆಗಾಲದಲ್ಲಿ ಬಾವಿ ತುಂಬಿದಾಗ ಹೀಗಾಗುವುದುಂಟು. ಆಗ ಡೆಲಿವರಿ ವಾಲ್ವನ್ನು ಸ್ವಲ್ಪ ಮುಚ್ಚಿ, ಕರೆಂಟು ನಾಮಫಲಕದ ಅಂಕಿಗೆ ಇಳಿಯುವಂತೆ ಮಾಡಿರಿ.

4. ಮೂರೂ ಒಂದಕ್ಕೊಂದು ಹೊಂದುವುದಿಲ್ಲ: ಮೋಟಾರಿನ ಮೂರೂ ತಂತಿಗಳನ್ನು ಒಂದೊಂದು ಸ್ಥಾನ ಮುಂದಕ್ಕೆ ಬದಲಿಸಿ ಕೊಡಿಸಿ; ತಿರುಗುವ ದಿಕ್ಕು ಬದಲಾಗುವುದಿಲ್ಲ. ಹೆಚ್ಚಿನ ಕರೆಂಟು ಅದೇ ಲೈನಿನಲ್ಲಿ ಉಳಿದರೆ ದೋಷ ಸರಬರಾಜಿನಲ್ಲಿದೆ. ವಿದ್ಯುತ್ ಕಚೇರಿಗೆ ತಿಳಿಸಿ. ಮೋಟಾರಿನ ತಂತಿಯೊಡನೆ ಸ್ಥಳ ಬದಲಿಸಿದರೆ ದೋಷ ವೈಂಡಿಂಗಿನಲ್ಲಿದೆ.

5. ಕರೆಂಟು ಸರಿಯಿದ್ದರೂ ಕಾವು ಹೆಚ್ಚು: ತಂಪಾಗಲು ಅಡ್ಡಿಯಿದೆ. ಮೈಮೇಲಿನ ಧೂಳು ಮಣ್ಣು ತೆಗೆಯಿರಿ, ಹಿಂದಿನ ಫ್ಯಾನು ಮುರಿದಿದೆಯೆ ನೋಡಿ, ಪಂಪಿನ ಮನೆಗೆ ಗಾಳಿ ಕಿಂಡಿ ಬಿಡಿ. ಬೇರಿಂಗಿಗೆ ಗ್ರೀಸ್ ಕಡಿಮೆಯಾದರೂ ಹೆಚ್ಚಾದರೂ ಕಾವೇರುತ್ತದೆ. ಸಬ್‌ಮರ್ಸಿಬಲ್ ಮೋಟಾರು ತನ್ನನ್ನು ಸವರಿಕೊಂಡು ಹೋಗುವ ನೀರಿನಿಂದಲೇ ತಣ್ಣಗಾಗುತ್ತದೆ. ಅದು ತಳದ ಕೆಸರಿನಲ್ಲಿ ಹೂತರೆ ಕಾಯದೆ ಇರದು.

ಮಾಡಬಾರದ ಕೆಲಸಗಳು

ಫ್ಯೂಸಿಗೆ ದಪ್ಪ ತಂತಿ ಕಟ್ಟಬೇಡಿ. ಟ್ರಿಪ್ ಆಗುತ್ತದೆಂದು ರಿಲೇಯ ಅಂಕಿಯನ್ನು ಮೇಲಕ್ಕೆ ತಿರುಗಿಸಬೇಡಿ. ನೇರ ಸ್ಟಾರ್ಟರಿನಲ್ಲಿ ರಿಲೇ ನಾಮಫಲಕದ ಆಂಪಿಯರಿಗೆ ಸರಿಯಾಗಿರಬೇಕು. ವೈಂಡಿಂಗಿನ ಸಾಲಿನಲ್ಲಿ ರಿಲೇ ಇರುವ ಸ್ಟಾರ್-ಡೆಲ್ಟಾ ಸ್ಟಾರ್ಟರಿನಲ್ಲಿ ಅದರ 0.58 ಪಟ್ಟು ಇರಬೇಕು. ಟ್ರಿಪ್ ಆದ ಮೋಟಾರನ್ನು ಮತ್ತೆ ಮತ್ತೆ ಒತ್ತಿ ಚಾಲೂ ಮಾಡಬೇಡಿ. ನೇರ ಚಾಲನೆಯಲ್ಲಿ ಪ್ರತಿ ಸಲವೂ 5ರಿಂದ 7 ಪಟ್ಟು ಕರೆಂಟು ಹರಿಯುತ್ತದೆ. ಎರಡು ಫೇಸಿನಲ್ಲಿ ಕಂಡೆನ್ಸರ್ ಜೋಡಿಸಿ ಮೂರು ಫೇಸಿನ ಮೋಟಾರನ್ನು ಓಡಿಸುವುದು ವೈಂಡಿಂಗಿಗೆ ಹಾನಿಕರ. ಮೇನ್ ಸ್ವಿಚ್ ಆರಿಸಿ, ಫ್ಯೂಸ್ ಕಿತ್ತಿಟ್ಟ ಮೇಲೆಯೇ ಒಳಗೆ ಕೈಹಾಕಬೇಕು.

ಪಂಪಿಗೆ ವಿರಾಮ ಕೊಡಲೇಬೇಕಾದಾಗ ಸಾಲು ಬಿಟ್ಟು ಸಾಲಿಗೆ ನೀರು ಹಾಯಿಸಿ. ಇರುವಷ್ಟು ನೀರನ್ನು ಹೂವು, ಕಾಯಿ, ಕಾಳು ಕಟ್ಟುವ ಹಂತದ ತಾಕಿಗೆ ಮೊದಲು ಕೊಡಿ.

ಬೇಸಿಗೆ ಬೆಳೆ ಬಿತ್ತುವ ಮುನ್ನ ಈ ಪರೀಕ್ಷೆ ಮಾಡಿಸಿ, ಮೂರೂ ಅಂಕಿಗಳನ್ನು ದಿನಾಂಕದೊಡನೆ ಸ್ಟಾರ್ಟರ್ ಪೆಟ್ಟಿಗೆಯ ಮುಚ್ಚಳದ ಒಳಬದಿಯಲ್ಲಿ ಬರೆದಿಡಿ. ಮುಂದೆ ಕಾವು ಹೆಚ್ಚಿತೆನಿಸಿದ ದಿನ ಮತ್ತೊಮ್ಮೆ ಅಳೆಯಿಸಿ ಹೋಲಿಸಿ. ವೈಂಡಿಂಗ್ ಸುಡುವ ಮುನ್ನವೇ ದೋಷ ತಿಳಿದೀತು, ಪೈರಿಗೂ ನೀರು ತಪ್ಪದು.