ಮೊಮ್ಮಗಳಿಗೆ ಇಟಿಎ, ಅಜ್ಜ-ಅಜ್ಜಿಗೆ ವೀಸಾ

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. ಮಗ-ಸೊಸೆ ಗ್ರೀನ್ ಕಾರ್ಡ್ ಪಡೆದು ಅಮೆರಿಕದಲ್ಲಿದ್ದಾರೆ, ಮೊಮ್ಮಗಳು ಅಲ್ಲೇ ಹುಟ್ಟಿದವಳು. ರಜೆಯಲ್ಲಿ ಅವರು ಆ ಕಡೆಯಿಂದ, ನಾವಿಬ್ಬರು ಈ ಕಡೆಯಿಂದ ಲಂಡನ್ನಿಗೆ ಹೋಗಿ ಬಸವಣ್ಣನವರ ಪುತ್ಥಳಿ ನೋಡಬೇಕೆಂದಿದ್ದೇವೆ. ಈಗ ವೀಸಾ ಬೇಡ, ಮೊಬೈಲಿನಲ್ಲೇ ಇಟಿಎ ತೆಗೆದರೆ ಸಾಕು ಎನ್ನುತ್ತಾರೆ. ನಿಜವೇ?
– ಓದುಗರೊಬ್ಬರು, ಸಿಂದಗಿ

ಉತ್ತರ: ನಿಮ್ಮ ಮನೆಯವರಲ್ಲಿ ಇಟಿಎ ಮೇಲೆ ಹೋಗಬಹುದಾದವಳು ಅಲ್ಲೇ ಹುಟ್ಟಿ ಅಮೆರಿಕದ ಪ್ರಜೆಯಾದ ಮೊಮ್ಮಗಳೊಬ್ಬಳೇ. ನಿಮಗೂ ನಿಮ್ಮ ಪತ್ನಿಗೂ ವೀಸಾ ಬೇಕೇ ಬೇಕು. ಮಗ-ಸೊಸೆಗೂ ಅಷ್ಟೇ. ಗ್ರೀನ್ ಕಾರ್ಡ್ ಇದ್ದರೂ ಅವರ ಕೈಯಲ್ಲಿರುವುದು ಭಾರತದ ಪಾಸ್‌ಪೋರ್ಟ್. ಎಲ್ಲಿಂದ ಬಂದಿರಿ ಎಂಬುದನ್ನಲ್ಲ, ಯಾವ ದೇಶದ ಪ್ರಜೆ ಎಂಬುದನ್ನು ಬ್ರಿಟನ್ ನೋಡುತ್ತದೆ.

ವೀಸಾ ಇಲ್ಲದೆ ಬರಲು ಅವಕಾಶವಿರುವ ದೇಶಗಳವರು ಹೊರಡುವ ಮೊದಲೇ ಪಡೆಯಬೇಕಾದ ಅನುಮತಿಯೇ ಇಟಿಎ. ಅಮೆರಿಕ 2009ರಲ್ಲಿ, ಕೆನಡಾ 2016ರಲ್ಲಿ ಇಂಥ ನಿಯಮ ತಂದವು. ಬ್ರಿಟನ್ 2023ರ ನವೆಂಬರಿನಲ್ಲಿ ಕತಾರ್ ಪ್ರಜೆಗಳಿಂದ ಶುರು ಮಾಡಿ, 2025ರ ಜನವರಿ 8ರಿಂದ ಅಮೆರಿಕದವರಿಗೂ ಏಪ್ರಿಲ್ 2ರಿಂದ ಯುರೋಪಿನವರಿಗೂ ಕಡ್ಡಾಯ ಮಾಡಿತು. ಈ ಮೂರೂ ದೇಶಗಳ ಪಟ್ಟಿಯಲ್ಲಿ ಭಾರತವಿಲ್ಲ. ನಿಮಗೆ ಹೇಳಿದವರು ಅಮೆರಿಕದ ಪ್ರಜೆಗಳ ಅನುಭವ ಕೇಳಿ ಹೇಳಿರಬೇಕು.

ಮೊಮ್ಮಗಳ ಕೆಲಸ ಸಲೀಸು. ಎಷ್ಟೇ ಚಿಕ್ಕ ಕೂಸಾದರೂ ಅವಳ ಹೆಸರಿನಲ್ಲೇ ಪ್ರತ್ಯೇಕ ಅರ್ಜಿ ಹಾಕಬೇಕು, ಅಪ್ಪ-ಅಮ್ಮ ಹಾಕಬಹುದು. ಬ್ರಿಟನ್ ಸರ್ಕಾರದ ‘ಯುಕೆ ಇಟಿಎ’ ಆ್ಯಪಿನಲ್ಲಿ ಪಾಸ್‌ಪೋರ್ಟಿನ ಫೋಟೊ ತೆಗೆದು, ಕೇಳಿದ್ದಕ್ಕೆ ಉತ್ತರ ತುಂಬಿ, ಹಣ ಕಟ್ಟಿದರೆ ಸಾಮಾನ್ಯವಾಗಿ ಮೂರು ಕೆಲಸದ ದಿನಗಳೊಳಗೆ ಉತ್ತರ ಬರುತ್ತದೆ. ಶುಲ್ಕ 2025ರ ಏಪ್ರಿಲ್‌ನಲ್ಲಿ 10ರಿಂದ 16 ಪೌಂಡಿಗೆ ಏರಿತು, ಮುಂದೆಯೂ ಏರಬಹುದು. ಒಮ್ಮೆ ಸಿಕ್ಕಿದ್ದು ಎರಡು ವರ್ಷ ನಡೆಯುತ್ತದೆ. ಅದರೊಳಗೆ ಪಾಸ್‌ಪೋರ್ಟ್ ಬದಲಾದರೆ ಹೊಸದಾಗಿ ಪಡೆಯಬೇಕು. ಸರ್ಕಾರದ್ದೇ ಎಂಬಂತೆ ಕಾಣುವ ಖಾಸಗಿ ಜಾಲತಾಣಗಳು ಇದೇ ಕೆಲಸಕ್ಕೆ ಹೆಚ್ಚು ಹಣ ಕೀಳುತ್ತವೆ. ವಿಳಾಸದ ಕೊನೆಯಲ್ಲಿ ‘ಜಿಒವಿ ಡಾಟ್ ಯುಕೆ’ ಇದೆಯೇ ಎಂದು ನೋಡಿಯೇ ಹಣ ಕಟ್ಟಲು ಮಗನಿಗೆ ಹೇಳಿ.

ನಿಮ್ಮ ವೀಸಾದ ಅರ್ಜಿಯನ್ನೂ ಅದೇ ಸರ್ಕಾರಿ ತಾಣದಲ್ಲಿ ತುಂಬಬಹುದು. ಆದರೆ ಬೆರಳಚ್ಚು ಮತ್ತು ಫೋಟೊ ಕೊಡಲು ಇಬ್ಬರೂ ಬೆಂಗಳೂರು, ಹೈದರಾಬಾದಿನಂಥ ಊರಿನ ವೀಸಾ ಕೇಂದ್ರಕ್ಕೆ ಹೋಗಲೇಬೇಕು. ಆರು ತಿಂಗಳ ಸಂದರ್ಶಕ ವೀಸಾಕ್ಕೆ 2025ರ ಏಪ್ರಿಲ್‌ನಲ್ಲಿ ತಲೆಗೆ 127 ಪೌಂಡ್ ಆಯಿತು. ಪ್ರಯಾಣದ ದಿನಕ್ಕೆ ಮೂರು ತಿಂಗಳಿರುವಾಗಿನಿಂದ ಅರ್ಜಿ ಹಾಕಬಹುದು. ನಿರ್ಧಾರಕ್ಕೆ ಸಾಮಾನ್ಯವಾಗಿ ಮೂರು ವಾರ ಬೇಕು.

ನೋಡಿದ್ದು ಮುಗಿದ ಮೇಲೆ ಊರಿಗೆ ಮರಳುತ್ತೀರಿ, ಖರ್ಚಿಗೆ ಹಣವಿದೆ – ಅಧಿಕಾರಿಗೆ ಮನವರಿಕೆ ಆಗಬೇಕಾದದ್ದು ಈ ಎರಡು. ಪಿಂಚಣಿ ಜಮೆಯಾಗುವ ಬ್ಯಾಂಕ್ ಖಾತೆಯ ಆರು ತಿಂಗಳ ವಿವರ ಇದಕ್ಕೆ ಬಲವಾದ ಆಧಾರ. ಹೊಲದ ಉತಾರ ಕೊಡುವುದಾದರೆ ನೆನಪಿಡಿ: ಅದು ಕನ್ನಡದಲ್ಲಿದೆ, ಅಲ್ಲಿ ಅದನ್ನು ಓದುವವರಿಲ್ಲ. ಅನುವಾದಕರ ಸಹಿ, ದಿನಾಂಕ, ದೃಢೀಕರಣ ಇರುವ ಇಂಗ್ಲಿಷ್ ಅನುವಾದ ಜೊತೆಗಿರಲಿ. ಹೆಸರಿನ ಬಗ್ಗೆಯೂ ಎಚ್ಚರ. ನಮ್ಮ ಕಡೆ ಒಂದು ದಾಖಲೆಯಲ್ಲಿ ಅಡ್ಡಹೆಸರು ಮೊದಲು, ಇನ್ನೊಂದರಲ್ಲಿ ಕೊನೆಗೆ, ನಡುವೆ ತಂದೆಯ ಹೆಸರು. ಅರ್ಜಿ, ಟಿಕೆಟ್ ಎರಡರಲ್ಲೂ ಪಾಸ್‌ಪೋರ್ಟಿನಲ್ಲಿದ್ದಂತೆಯೇ ಅಕ್ಷರಕ್ಕೆ ಅಕ್ಷರ ಬರೆಯಿರಿ.

ಕಾಗದಪತ್ರ ಸರಿಯಿಲ್ಲದಿದ್ದರೆ ನಿಮ್ಮನ್ನು ತಡೆಯುವುದು ಲಂಡನ್ನಿನಲ್ಲಲ್ಲ, ಇಲ್ಲಿಯ ವಿಮಾನ ನಿಲ್ದಾಣದಲ್ಲೇ. ಅನುಮತಿ ಇಲ್ಲದವರನ್ನು ವಿಮಾನ ಕಂಪನಿಗಳು ಹತ್ತಿಸಿಕೊಳ್ಳುವುದಿಲ್ಲ.

ಪುತ್ಥಳಿ ಇರುವುದು ಥೇಮ್ಸ್ ದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ. ಕಲಬುರಗಿ ಜಿಲ್ಲೆಯವರೇ ಆದ, ಲ್ಯಾಂಬೆತ್‌ನ ಮಾಜಿ ಮೇಯರ್ ನೀರಜ್ ಪಾಟೀಲರ ಪ್ರಯತ್ನದಿಂದ ನಿಂತದ್ದು. 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿ ಅನಾವರಣ ಮಾಡಿದರು. ಬಸವನ ಬಾಗೇವಾಡಿಯ ನೆರೆಯವರಾದ ನೀವು ಮೊಮ್ಮಗಳ ಕೈಹಿಡಿದು ಅಲ್ಲಿ ನಿಲ್ಲಬೇಕೆಂದು ನನಗೂ ಆಸೆ. ಅದಕ್ಕೇ ಹೇಳುತ್ತೇನೆ, ಮಗನಿಗೆ ಇವತ್ತೇ ಫೋನ್ ಮಾಡಿ. ನಾಲ್ವರ ವೀಸಾ ಕೈಸೇರುವವರೆಗೆ ಯಾರ ಟಿಕೆಟ್ಟಿಗೂ ಹಣ ಕಟ್ಟುವುದು ಬೇಡ.